ಹುಡುಗರ ಇಂಗ್ಲಿಷೂ ತೋಟದ ಪತ್ರವೂ



ಅಡಿಕೆ ಮಾರಿ ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಸರಿಯಾಗಿ ಊರಿಗೆ ದಲ್ಲಾಳಿಗಳೂ ಬರುವುದುಂಟು. ಹಿಂದೆ ಪಂಪ್‌ಸೆಟ್ಟಿನವರು, ಚೀಟಿಯವರು ಬರುತ್ತಿದ್ದರು. ಈಗ ಮಕ್ಕಳನ್ನು ಪರದೇಶದ ಹೈಸ್ಕೂಲಿಗೆ ಸೇರಿಸಿಕೊಡುತ್ತೇವೆ ಎನ್ನುವವರು ಬರತೊಡಗಿದ್ದಾರೆ. ಊರ್ಡಿಗೆರೆ ಹೋಬಳಿಯ ನಮ್ಮ ಸದಸ್ಯರೊಬ್ಬರು ಅಂಥದೊಂದು ಕರಪತ್ರ ಹಿಡಿದು ಸಂಘದ ಕಚೇರಿಗೆ ಬಂದಿದ್ದರು. ಅವರ ಮಗ ಒಂಬತ್ತನೆಯ ತರಗತಿ. ಹೊರದೇಶದಲ್ಲಿ ಎರಡು ವರ್ಷ ಓದಿದರೆ ಅಲ್ಲಿಯ ಕಾಲೇಜು ತಾನಾಗಿ ಸಿಗುವುದೆಂದೂ, ಅದಕ್ಕೆ ಬೇಕಾದ ಇಂಗ್ಲಿಷ್ ಪರೀಕ್ಷೆಯಲ್ಲಿ ‘ಪಾಸು ಗ್ಯಾರಂಟಿ’ ಎಂದೂ ಅದರಲ್ಲಿ ಅಚ್ಚಾಗಿತ್ತು. ಸದಸ್ಯರು ಕೇಳಿದ್ದು ಒಂದೇ ಮಾತು: “ಎರಡು ಎಕರೆ ತೋಟದ ಪತ್ರ ಇಟ್ಟರೆ ಎಷ್ಟು ಸಾಲ ಸಿಕ್ಕೀತು ಸ್ವಾಮಿ?”

ಅಂದು ಅವರಿಗೆ ಹೇಳಿದ್ದನ್ನು ಎಲ್ಲರಿಗೂ ಹೇಳುವುದು ಒಳ್ಳೆಯದೆಂದು ತೋರಿ ಇದನ್ನು ಬರೆಯುತ್ತಿದ್ದೇವೆ.

ಮೊದಲನೆಯದಾಗಿ ಪರೀಕ್ಷೆಯ ಸಂಗತಿ. ಐ.ಇ.ಎಲ್.ಟಿ.ಎಸ್. ಎಂಬ ಪರೀಕ್ಷೆಯಲ್ಲಿ ಪಾಸು ಎಂಬುದೂ ಇಲ್ಲ, ಫೇಲು ಎಂಬುದೂ ಇಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಈ ನಾಲ್ಕನ್ನೂ ಪರೀಕ್ಷಿಸಿ 0ಯಿಂದ 9ರವರೆಗೆ ದರ್ಜೆ ಕೊಡುತ್ತಾರೆ. ಎಷ್ಟು ದರ್ಜೆ ಸಾಕೆಂಬುದನ್ನು ಸೇರಿಸಿಕೊಳ್ಳುವವರು ತೀರ್ಮಾನಿಸುತ್ತಾರೆ. ಇಲ್ಲದ ಪಾಸಿಗೆ ಗ್ಯಾರಂಟಿ ಕೊಡುವವನ ಮಾತಿನ ತೂಕವನ್ನು ತಾವೇ ಹಾಕಿ ನೋಡಬಹುದು. ಅಲ್ಲದೆ ಆ ಫಲಿತಾಂಶ ಸಾಮಾನ್ಯವಾಗಿ 2 ವರ್ಷ ಮಾತ್ರ ನಡೆಯುತ್ತದೆ. ಒಂಬತ್ತನೆಯ ತರಗತಿಯಲ್ಲಿ ಹಣ ಕಟ್ಟಿ ಬರೆದ ಪರೀಕ್ಷೆ, ಹುಡುಗ ಕಾಲೇಜಿನ ಬಾಗಿಲಿಗೆ ಹೋಗುವ ವೇಳೆಗೆ ಹಳೆಯ ರಶೀತಿಯಾಗಿರುತ್ತದೆ.

ಎರಡನೆಯದಾಗಿ ಶಾಲೆಯ ಸಂಗತಿ. ಬ್ರಿಟನ್ನಿನ ಖಾಸಗಿ ಶಾಲೆಗೆ ಹೋಗುವ 4ರಿಂದ 17 ವರ್ಷದ ಮಕ್ಕಳ ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆಯ ಪತ್ರವನ್ನು ಅಲ್ಲಿಯ ಸರ್ಕಾರ ಕೇಳುವುದೇ ಇಲ್ಲ. ಶಾಲೆ ತನ್ನದೇ ಪರೀಕ್ಷೆ ಇಟ್ಟು, ಹುಡುಗನನ್ನು ಮಾತನಾಡಿಸಿ ನೋಡುತ್ತದೆ. ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾ ಪಡೆದು ಸರ್ಕಾರಿ ಹೈಸ್ಕೂಲಿಗೆ ಸೇರುವವರು ಅಲ್ಲಿ 12 ತಿಂಗಳಿಗಿಂತ ಹೆಚ್ಚು ಓದುವಂತಿಲ್ಲ. ಪೂರಾ ಖರ್ಚನ್ನೂ ಕಟ್ಟಿಕೊಡಬೇಕು. ಹಾಗಿದ್ದರೆ ಕರಪತ್ರದ ಎರಡು ವರ್ಷ ಯಾವ ಶಾಲೆಯಲ್ಲಿ, ಯಾರ ಖರ್ಚಿನಲ್ಲಿ ಎಂದು ಕೇಳಬೇಡವೇ? ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಇರುವುದು ಪಿ.ಯು.ಸಿ. ಮುಗಿದ ಮೇಲಿನ ವ್ಯಾಸಂಗಕ್ಕೆ. ಹೈಸ್ಕೂಲಿಗೆಂದು ಹೊರಟವನಿಗೆ ಆ ದಾರಿ ಇಲ್ಲವಾದ್ದರಿಂದಲೇ ತೋಟದ ಪತ್ರ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಇದನ್ನು ನಾವು ಮರೆಯಬಾರದು.

ಹಾಗಾದರೆ ಇಂಗ್ಲಿಷ್ ಬೇಡವೇ ಎಂದು ಕೆಲವರು ನಮ್ಮನ್ನು ಕೇಳಿಯಾರು. ಬೇಕು, ಖಂಡಿತವಾಗಿ ಬೇಕು. ಕಾಫಿಯ ದರ ನ್ಯೂಯಾರ್ಕ್ ಮತ್ತು ಲಂಡನ್ನಿನ ಪೇಟೆಗಳ ಮೇಲೆ ನಿಂತಿರುವಾಗ, ಔಷಧಿ ಡಬ್ಬಿಯ ಮೇಲಿನ ಸೂಚನೆಯನ್ನು ಓದಿಸಲು ಪಕ್ಕದ ಊರಿಗೆ ಹೋಗಬೇಕಾಗಿರುವಾಗ, ಇಂಗ್ಲಿಷ್ ನಮಗೆ ಬೇಡವೆನ್ನುವುದು ಹುಂಬತನ. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರು. ಆ ವಿದ್ಯೆಯನ್ನು ತಂದು ಕನ್ನಡಕ್ಕೇ ಸುರಿದರು. ಎರಡು ಭಾಷೆ ಒಂದೇ ತಲೆಯಲ್ಲಿ ಹೊಂದಿಕೊಂಡು ಇರಬಲ್ಲವು ಎಂಬುದಕ್ಕೆ ದೂರದ ಸಾಕ್ಷಿ ಬೇಕಾಗಿಲ್ಲ.

ಪ್ರಶ್ನೆ ಇರುವುದು ಇಂಗ್ಲಿಷನ್ನು ಎಲ್ಲಿ, ಯಾವಾಗ, ಯಾರು ಕಲಿಸಬೇಕು ಎಂಬುದರಲ್ಲಿ. ಇದಕ್ಕೆ ಅಮೆರಿಕದ ಒಂದು ಮೊಕದ್ದಮೆ ನೆನಪಿಗೆ ಬರುತ್ತದೆ. ಸ್ಯಾನ್‌ಫ್ರಾನ್ಸಿಸ್ಕೋ ನಗರದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳಿಗೆ ಯಾವ ವಿಶೇಷ ಪಾಠವೂ ಸಿಗುತ್ತಿರಲಿಲ್ಲ. ಎಲ್ಲರಿಗೂ ಕೊಟ್ಟ ಪುಸ್ತಕ, ಎಲ್ಲರಿಗೂ ಕೊಟ್ಟ ಮೇಷ್ಟ್ರನ್ನೇ ಇವರಿಗೂ ಕೊಟ್ಟಿದ್ದೇವಲ್ಲ ಎಂದು ಶಾಲೆಯವರ ವಾದ. ಅಷ್ಟು ಮಾತ್ರದಿಂದ ಸಮಾನತೆ ಆಗದು, ಭಾಷೆ ತಿಳಿಯದ ಮಗುವಿಗೆ ಪಾಠವೇ ದೊರೆತಂತಲ್ಲ ಎಂದು 1974ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಇಂಗ್ಲಿಷಿನಲ್ಲಿ ಪಾಠ ಹೇಳುವ ಶಾಲೆ, ಅದು ಬಾರದ ಮಗುವಿಗೆ ಅದನ್ನು ದಾಟಿಸುವ ಹೊಣೆಯನ್ನೂ ಹೊರಬೇಕು ಎಂಬುದು ಅದರ ಸಾರ.

ಈಗ ನಮ್ಮ ಕಡೆ ನೋಡೋಣ. ಊರ್ಡಿಗೆರೆ, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿ ಹುಡುಗನಿಗೆ ಮೊದಲ ಪರದೇಶ ಲಂಡನ್ನಲ್ಲ, ಪ್ರಥಮ ಪಿ.ಯು.ಸಿ. ವಿಜ್ಞಾನದ ಕೊಠಡಿ. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡದಲ್ಲಿ ಓದಿ ಒಳ್ಳೆಯ ಅಂಕ ತೆಗೆದವನು ಜೂನ್ ತಿಂಗಳಲ್ಲಿ ತುಮಕೂರಿನ ಬಸ್ಸು ಹತ್ತುತ್ತಾನೆ. ‘ವೇಗೋತ್ಕರ್ಷ’ ಎಂದರೆ ಅವನಿಗೆ ಗೊತ್ತು. ಹಲಗೆಯ ಮೇಲೆ ‘ಆಕ್ಸಿಲರೇಷನ್’ ಎಂದು ಕಂಡಾಗ ತಾನು ಬಲ್ಲ ಪಾಠವೇ ಇದೆಂದು ತಿಳಿಯುವುದಿಲ್ಲ. ‘ದ್ಯುತಿಸಂಶ್ಲೇಷಣೆ’ಯನ್ನು ಚಿತ್ರ ಬರೆದು ವಿವರಿಸಬಲ್ಲವನು ‘ಫೋಟೋಸಿಂಥಸಿಸ್’ ಎಂದೊಡನೆ ತಲೆ ತಗ್ಗಿಸುತ್ತಾನೆ. ದಸರೆ ರಜೆಗೆ ಮನೆಗೆ ಬಂದವನು ಆರ್ಟ್ಸ್ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ, ಇಲ್ಲವೇ ಓದೇ ಬೇಡ ಎನ್ನುತ್ತಾನೆ. ಹುಡುಗ ದಡ್ಡನೆಂದು ಮನೆಯವರು ತಿಳಿಯುತ್ತಾರೆ. ಹುಡುಗ ದಡ್ಡನಲ್ಲ, ಅವನನ್ನು ದಾಟಿಸಿದವರಿಲ್ಲ.

ಇದಕ್ಕೆ ಹೆದರಿಯೇ ಅನೇಕರು ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತಾರೆ. ಅವರನ್ನು ನಾವು ಹಳಿಯುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. ಆದರೆ ಮನೆಯಲ್ಲಿ ಕೇಳದ, ಬೀದಿಯಲ್ಲಿ ಕೇಳದ ಭಾಷೆಯಲ್ಲಿ ಎಳೆಯ ಮಗುವಿಗೆ ಲೆಕ್ಕ, ವಿಜ್ಞಾನ ಎಲ್ಲವನ್ನೂ ಒಮ್ಮೆಗೇ ಹೇಳಿದರೆ ಉಳಿಯುವುದು ಬಾಯಿಪಾಠ ಮಾತ್ರ. ಅಡಿಕೆ ಸಸಿ ನೆಡುವ ತೋಟದಲ್ಲಿ ನಾವು ಮೊದಲು ಬಾಳೆ ಹಾಕುತ್ತೇವೆ. ನೆರಳಿಲ್ಲದೆ ನೆಟ್ಟರೆ ಪಡುವಣ ಬಿಸಿಲಿಗೆ ಸಸಿ ಸುಟ್ಟುಹೋದೀತೆಂದು. ಮಕ್ಕಳ ವಿಷಯದಲ್ಲಿ ಈ ವಿವೇಕ ನಮಗೆ ಏಕೆ ಬರುವುದಿಲ್ಲ? ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಅದನ್ನು ಚೆನ್ನಾಗಿ ಕಲಿಸುವ ಮೇಷ್ಟ್ರು ಇದ್ದಾರೆಯೇ ಎಂದು ಶಾಲೆಗೆ ಹೋಗಿ ವಿಚಾರಿಸಿದವರು ನಮ್ಮಲ್ಲಿ ಎಷ್ಟು ಜನ?

ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು 1982ರಲ್ಲಿ ಗೋಕಾಕ್ ಚಳವಳಿ ನಡೆದಾಗ ನಾಡಿಗೆ ನಾಡೇ ಎದ್ದು ನಿಂತಿತು. ಅದು ಆಗಬೇಕಾದ ಕೆಲಸವೇ. ಆದರೆ ಕನ್ನಡದಲ್ಲಿ ಓದಿದವನು ಮುಂದೆ ಕಾಲಿಡುವಲ್ಲಿ ಇರುವ ಹಳ್ಳಕ್ಕೆ ಸೇತುವೆ ಕಟ್ಟುವ ಕೆಲಸ ಉಳಿದೇ ಇದೆ. ಸರ್ಕಾರ ಕಟ್ಟಲಿ ಎಂದು ಕಾಯುತ್ತ ಕೂತರೆ ಇನ್ನೊಂದು ತಲೆಮಾರು ಕಳೆದೀತು.

ಆದುದರಿಂದ ನಮ್ಮ ಸೂಚನೆ ಇಷ್ಟು. ಸಂಘದ ಲಾಭ ವಿಂಗಡಣೆಯಲ್ಲಿ ಜನೋಪಯೋಗಿ ಕೆಲಸಕ್ಕೆಂದು ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಡಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದು ಪಿ.ಯು.ಸಿ. ತೆರೆಯುವವರೆಗೆ ಇರುವ ಬೇಸಗೆ ರಜೆಯಲ್ಲಿ ಹೋಬಳಿಗೊಂದರಂತೆ ತರಗತಿ ನಡೆಸಬೇಕು. ಕಲಿತ ವಿಜ್ಞಾನವನ್ನೇ ಇಂಗ್ಲಿಷ್ ಮಾತುಗಳಲ್ಲಿ ಮತ್ತೊಮ್ಮೆ ಹೇಳಿಕೊಟ್ಟರೆ ಸಾಕು. ಹೊಸ ಪಾಠ ಬೇಡ. ನಿವೃತ್ತ ಉಪಾಧ್ಯಾಯರು ಪ್ರತಿ ಊರಿನಲ್ಲೂ ಇದ್ದಾರೆ. ಬಿ.ಎಸ್ಸಿ. ಮುಗಿಸಿದ ನಮ್ಮ ಮನೆಗಳ ಹೆಣ್ಣುಮಕ್ಕಳೂ ಇದ್ದಾರೆ. ಸಂಘದ ಗೋದಾಮಿನ ಜಗುಲಿ ಆ ದಿನಗಳಲ್ಲಿ ಬಿಡುವಾಗಿಯೇ ಇರುತ್ತದೆ. ಮುಂದಿನ ಮಹಾಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಲು ಸದಸ್ಯರು ಈಗಲೇ ಬರೆದು ಕೊಡಬೇಕೆಂದು ಕೋರುತ್ತೇವೆ.

ಯೋಗ್ಯತೆ ಇರುವ ಹುಡುಗ ಹೊರದೇಶಕ್ಕೆ ಹೋಗಬಾರದೆಂದು ನಾವು ಹೇಳುತ್ತಿಲ್ಲ. ಹೋಗಲಿ, ಪಿ.ಯು.ಸಿ. ಮುಗಿಸಿ, ತನ್ನ ಇಂಗ್ಲಿಷನ್ನು ತಾನೇ ಆಡಬಲ್ಲವನಾಗಿ, ಬ್ಯಾಂಕಿನ ಕ್ರಮಬದ್ಧ ಸಾಲದ ಮೇಲೆ ಹೋಗಲಿ. ಅದಕ್ಕೂ ಮೊದಲೇ ಕಳುಹಿಸಬೇಕೆಂದಿದ್ದರೆ ಶಾಲೆಗೇ ನೇರವಾಗಿ ಬರೆದು ಮೂರು ಮಾತು ಕೇಳಿ: ಹುಡುಗನ ಇಂಗ್ಲಿಷನ್ನು ಹೇಗೆ ಪರೀಕ್ಷಿಸುತ್ತೀರಿ? ಸಾಲದಿದ್ದರೆ ಯಾರು ಕಲಿಸುತ್ತಾರೆ? ನಡುವೆ ಬಿಟ್ಟು ಬಂದರೆ ಕಟ್ಟಿದ ಹಣದಲ್ಲಿ ಎಷ್ಟು ವಾಪಸು? ಉತ್ತರ ಕಾಗದದ ಮೇಲೆ ಬರುವವರೆಗೆ ಯಾವ ದಲ್ಲಾಳಿಗೂ ಮುಂಗಡ ಕೊಡಬೇಡಿ. ಅಲ್ಲಿಯವರೆಗೆ ತೋಟದ ಪತ್ರ ಪೆಟ್ಟಿಗೆಯಲ್ಲೇ ಇರಲಿ.