ದಾಳ ಬೀಳುವ ಮುಂಚಿನ ಲೆಕ್ಕ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ ಗೇಮ್ ಮಾಸ್ಟರ್ ಕತೆ ಹೇಳುವವನೂ ಹೌದು, ತೀರ್ಪು ಕೊಡುವವನೂ ಹೌದು. ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಆಟಗಾರರು ಹೇಳುತ್ತಾರೆ. ಅದೆಷ್ಟು ಕಷ್ಟ ಎಂದು ಮಾಸ್ಟರ್ ಗೊತ್ತುಮಾಡುತ್ತಾನೆ. ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳಕ್ಕೆ ಬಿಡಲಾಗುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಹೊರಬಂದು ಈ ಬಗೆಯ ಆಟಕ್ಕೆ ದಾರಿ ಹಾಕಿತು. ಕಷ್ಟದ ಅಳತೆ ತಪ್ಪಿದರೆ ಆಟ ಒಂದೋ ಸಪ್ಪೆಯಾಗುತ್ತದೆ, ಇಲ್ಲವೇ ಉಸಿರುಗಟ್ಟಿಸುತ್ತದೆ.

ಅಳತೆಗೊಂದು ಸಿದ್ಧ ಪಟ್ಟಿಯಿದೆ. ಆ ಆಟದ 2014ರ ಐದನೆಯ ಆವೃತ್ತಿಯಲ್ಲಿ ಸುಲಭದ ಕೆಲಸಕ್ಕೆ 10, ಮಧ್ಯಮಕ್ಕೆ 15, ಕಠಿಣಕ್ಕೆ 20, ಹೆಚ್ಚುಕಡಿಮೆ ಅಸಾಧ್ಯವಾದುದಕ್ಕೆ 30. ಇಪ್ಪತ್ತು ಮುಖದ ದಾಳದಲ್ಲಿ ಬಿದ್ದ ಅಂಕಿಗೆ ಪಾತ್ರದ ಪರಿಣತಿಯ ಅಂಕ ಕೂಡಿಸಿದಾಗ ಗುರಿಯನ್ನು ಮುಟ್ಟಿದರೆ ಅಥವಾ ದಾಟಿದರೆ ಗೆಲುವು. ಏನೂ ಪರಿಣತಿಯಿಲ್ಲದವನಿಗೆ 15 ಎಂದರೆ ನೂರಕ್ಕೆ ಮೂವತ್ತರ ಅವಕಾಶ. ಐದು ಅಂಕದ ಪರಿಣತಿ ಇದ್ದವನಿಗೆ ಐವತ್ತೈದರ ಅವಕಾಶ.

ಈ ದಾಳದಲ್ಲಿ ಪ್ರತಿ ಮುಖಕ್ಕೂ ಸಮಪಾಲು. ಚೌಕಾಬಾರದ ಕವಡೆಗಳ ಸ್ವಭಾವ ಬೇರೆ. ನಾಲ್ಕು ಕವಡೆ ಬೀಳುವ ಬಗೆಗಳು ಒಟ್ಟು 16. ಕವಡೆ ಅಂಗಾತವೋ ಬೋರಲೋ ಬೀಳುವ ಸಾಧ್ಯತೆ ಸಮ ಎಂದುಕೊಂಡರೆ ಎರಡು ಬೀಳುವುದು ಆರು ಬಗೆಯಲ್ಲಿ, ಒಂದು ಮತ್ತು ಮೂರು ತಲಾ ನಾಲ್ಕು ಬಗೆಯಲ್ಲಿ. ಆಟಕ್ಕೆ ಹೆಸರು ಕೊಟ್ಟ ಚೌಕ ಮತ್ತು ಬಾರ, ಅಂದರೆ ನಾಲ್ಕು ಮತ್ತು ಎಂಟು, ತಲಾ ಒಂದೇ ಬಗೆಯಲ್ಲಿ. ಅಪರೂಪಕ್ಕೆ ಬೀಳುವುದರಿಂದಲೇ ಅವು ಬಿದ್ದಾಗ ಇನ್ನೊಂದು ಆಟ ಸಿಗುತ್ತದೆ. ಕೈಯಲ್ಲಿರುವುದು ದಾಳವೋ ಕವಡೆಯೋ ಎಂದು ನೋಡದೆ ಗುರಿಯ ಅಂಕಿ ಇಡಲಾಗದು.

ಅಂಕಿಯನ್ನು ಎಲ್ಲಿಂದ ತರಬೇಕು ಎಂಬಲ್ಲಿ ಎರಡು ದಾರಿಗಳಿವೆ. ಪಾತ್ರಗಳ ಬಲಕ್ಕೆ ತಕ್ಕಂತೆ ಸವಾಲನ್ನು ಹೊಂದಿಸುವುದು ಒಂದು. ಕತೆಯ ಜಗತ್ತು ಹೇಗಿದೆಯೋ ಹಾಗೇ ಸವಾಲನ್ನು ಬಿಡುವುದು ಇನ್ನೊಂದು. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಕಬಿನಿ ಜಲಾಶಯವನ್ನೇ ಕತೆಯ ಕಣವಾಗಿಸಿ, ರಾತ್ರೋರಾತ್ರಿ ತೆಪ್ಪದಲ್ಲಿ ಹಿನ್ನೀರು ದಾಟುವ ಸನ್ನಿವೇಶ ಕಟ್ಟಿದರೆ ಎರಡನೆಯ ದಾರಿ ಸ್ಪಷ್ಟವಾಗುತ್ತದೆ. ವಯನಾಡಿನಲ್ಲಿ ಮಳೆ ಹಿಡಿದು ನೀರು ಗರಿಷ್ಠ ಮಟ್ಟವಾದ 2284 ಅಡಿಯ ಹತ್ತಿರ ಬಂದಾಗ ಗಾಳಿ, ಅಲೆ, ಕಾಣದ ದಡ ಎಲ್ಲ ಸೇರಿ ಗುರಿ 20. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಮುಳುಗಿದ್ದ ಮರದ ಬೊಡ್ಡೆಗಳು ಮೇಲೆ ಕಾಣುವಾಗ ಗುರಿ 10 ಸಾಕು. ಆದರೆ ಅದೇ ಬೇಸಿಗೆಯಲ್ಲಿ ದಡದ ಹಸಿ ಹುಲ್ಲಿಗೆ ಆನೆಗಳ ಹಿಂಡು ಇಳಿದಿರುತ್ತದೆ. ಕಷ್ಟ ಕಡಿಮೆಯಾಗಲಿಲ್ಲ, ನೀರಿನಿಂದ ದಡಕ್ಕೆ ಬಂತು, ಅಷ್ಟೇ. ಯಾವ ತಿಂಗಳು ಹೊರಡಬೇಕೆಂಬ ಆಯ್ಕೆ ಆಟಗಾರರ ಕೈಯಲ್ಲಿದ್ದರೆ ಅವರ ಬುದ್ಧಿಗೂ ಬೆಲೆ ಬರುತ್ತದೆ.

ಎಷ್ಟು ಸಲ ದಾಳ ಹಾಕಿಸಲಾಗುತ್ತದೆ ಎಂಬುದೂ ಕಷ್ಟದ ಭಾಗ. ಹೊಸ ಮಾಸ್ಟರುಗಳು ಎಡವುವುದು ಇಲ್ಲೇ. ತೆಪ್ಪ ನೀರಿಗೆ ಇಳಿಸುವಾಗ ಒಮ್ಮೆ, ನಡುನೀರಿನಲ್ಲಿ ಒಮ್ಮೆ, ದಡ ಹತ್ತುವಾಗ ಒಮ್ಮೆ ಹಾಕಿಸಿ ಮೂರರಲ್ಲೂ ಗೆಲ್ಲಬೇಕೆಂದರೆ, ಪ್ರತಿ ಸಲ ನೂರಕ್ಕೆ ಐವತ್ತೈದಿದ್ದ ಅವಕಾಶ ಒಟ್ಟಾರೆ ಹದಿನೇಳರ ಆಸುಪಾಸಿಗೆ ಇಳಿಯುತ್ತದೆ. ಕೆಸರಿನಲ್ಲಿ ಹೆಜ್ಜೆಗುರುತು ಹುಡುಕಲು ನಾಲ್ವರೂ ಹಾಕಿ ಒಬ್ಬರು ಗೆದ್ದರೂ ಸಾಕೆಂದರೆ ಅದೇ ಐವತ್ತೈದು ತೊಂಬತ್ತಾರಕ್ಕೆ ಏರುತ್ತದೆ. ಅಂಕಿ ಬದಲಾಗದೆಯೇ ಕೆಲಸ ಅಸಾಧ್ಯವೂ ಆಗಬಹುದು, ಸಲೀಸೂ ಆಗಬಹುದು.

ಕಾಳಗದ ಕಷ್ಟಕ್ಕೆ ಹುಲಿ-ಕುರಿ ಆಟ ಒಳ್ಳೆಯ ಪಾಠ. ಅದರ ಸಾಮಾನ್ಯ ಮಾದರಿಯಲ್ಲಿ 23 ಬಿಂದುಗಳ ಮನೆ, ಮೂರು ಹುಲಿ, ಹದಿನೈದು ಕುರಿ. ಕುರಿ ಹುಲಿಯನ್ನು ಕೊಲ್ಲಲಾರದು. ಆದರೆ ಒಂದರ ಹಿಂದೊಂದು ನಿಂತು ಹುಲಿ ನೆಗೆಯುವ ಜಾಗವನ್ನು ಮುಚ್ಚಬಲ್ಲದು. ಎರಡೂ ಕಡೆಯ ಬಲವನ್ನು ಕೂಡಿ ಕಳೆದರೆ ಈ ಆಟದ ತೂಕ ತಿಳಿಯುವುದಿಲ್ಲ. ರೋಲ್‌ಪ್ಲೇಯಿಂಗ್‌ನಲ್ಲೂ ಒಂಟಿ ರಾಕ್ಷಸನಿಗೆ ಒಂದು ಸರದಿ ಬರುವಷ್ಟರಲ್ಲಿ ನಾಲ್ಕು ಪಾತ್ರಗಳಿಗೆ ನಾಲ್ಕು ಸರದಿ ಬಂದಿರುತ್ತದೆ. ಕಾಗದದ ಮೇಲೆ ಭಯಂಕರನಾಗಿದ್ದವನು ಬೇಗ ಬೀಳುವುದು, ಪುಡಿ ಕಳ್ಳರ ಗುಂಪು ಪ್ರಾಣಕ್ಕೆ ಬರುವುದು ಇದರಿಂದಲೇ. ಆ ಗುಂಪನ್ನು ಇಕ್ಕಟ್ಟಾದ ಓಣಿಯಲ್ಲಿ ನಿಲ್ಲಿಸಿದರೆ ಅದರ ಬಲ ಅರ್ಧಕ್ಕಿಳಿಯುತ್ತದೆ. ಮನೆಯ ಗೆರೆಗಳೂ ಕಾಯಿಗಳಷ್ಟೇ ಮುಖ್ಯ.

ಕೊನೆಯದು ಸೋಲಿನ ಬೆಲೆ. ದಾಳ ಹಾಕಿಸುವ ಮುನ್ನ ಸೋತರೆ ಏನಾಗುತ್ತದೆಂದು ಮಾಸ್ಟರಿಗೆ ತಿಳಿದಿರಬೇಕು. ಸೋತರೂ ಏನೂ ಆಗದಿದ್ದರೆ ದಾಳವೇ ಬೇಡ. ಸೋತರೆ ಕತೆಯೇ ನಿಲ್ಲುವಂತಿದ್ದರೆ ಬೇರೆ ಬೆಲೆ ಹುಡುಕಬೇಕು: ತೆಪ್ಪ ಮುಳುಗುವ ಬದಲು ದಿಕ್ಕು ತಪ್ಪಲಿ, ಬುತ್ತಿ ನೀರುಪಾಲಾಗಲಿ. ಅಪಾಯದ ಸುಳಿವೂ ಮೊದಲೇ ಸಿಗಬೇಕು. ಆನೆಯ ಹಸಿ ಲದ್ದಿ ಕಂಡೂ ಮುಂದೆ ಹೋದವರಿಗೆ ಎದುರಾಗುವ ಹಿಂಡು ಅನ್ಯಾಯ ಎನಿಸುವುದಿಲ್ಲ. ಇಷ್ಟಾದ ಮೇಲೆ, ಒಮ್ಮೆ ಇಟ್ಟ ಅಂಕಿಯನ್ನು ದಾಳ ಬಿದ್ದ ನಂತರ ತಿದ್ದಬಾರದು. ಅಂದಾಜು ತಪ್ಪಿದ್ದರೆ ಮುಂದಿನ ಸನ್ನಿವೇಶದಲ್ಲಿ ಸರಿಪಡಿಸಿಕೊಳ್ಳಬಹುದು.