ಮಹಾಪ್ರಾಣಕ್ಕೆ ಇನ್ನೂರು ಕೆಬಿ ಸಾಲದು

ನನ್ನ ಭಾವನವರ ಹೆಸರಿನಲ್ಲಿ ಒಂದು ಧಕಾರವಿದೆ. ಬೀದರ್ ಜಿಲ್ಲೆಯ ಹಳ್ಳಿಯೊಂದರ ಶಾಲೆ ಕೊಟ್ಟ ವರ್ಗಾವಣೆ ಪತ್ರದಲ್ಲಿ ಯಾರೋ ಶ್ರದ್ಧಾವಂತ ಮೇಷ್ಟ್ರು ಆ ಅಕ್ಷರದ ಕೆಳಗಿನ ಸೀಳನ್ನು ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿ ಎಳೆದಿದ್ದಾರೆ. ಗೆದ್ದಲು, ಮಳೆ, ನಾಲ್ಕು ಮನೆಗಳ ಬದಲಾವಣೆ ಎಲ್ಲವನ್ನೂ ಕಳೆದು ಉಳಿದಿದ್ದ ಆ ಸೀಳು ಉಪ್ಪಲ್‌ನ ನಮ್ಮ ಮನೆಯ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಐದು ನಿಮಿಷದೊಳಗೆ ಸತ್ತುಹೋಯಿತು.

ಸೋದರಳಿಯನ ಅರ್ಜಿಯೊಂದಕ್ಕೆ ತಂದೆಯ ಶಾಲಾ ದಾಖಲೆಯನ್ನು ಇಮೇಲಿನಲ್ಲಿ ಕಳುಹಿಸಬೇಕಿತ್ತು. ಮೊದಲ ಸಲ ಮನೆಯಲ್ಲೇ ಸ್ಕ್ಯಾನ್ ಮಾಡಿ ಕಳುಹಿಸಿದೆ. ‘ಗಾತ್ರ 200 ಕೆಬಿ ಮೀರಿದೆ’ ಎಂದು ಮರಳಿತು. ಅಂಗಡಿಯ ಹುಡುಗ ‘ಸೈಜ್ ತಗ್ಗಿಸ್ತಾ ಸಾರ್’ ಎಂದು ತೆಲುಗಿನಲ್ಲಿ ಅಭಯವಿತ್ತು, ಕಪ್ಪು-ಬಿಳುಪಿನಲ್ಲಿ, 100 ಡಿಪಿಐನಲ್ಲಿ ಮತ್ತೆ ಸ್ಕ್ಯಾನ್ ಮಾಡಿಕೊಟ್ಟ. ಈ ಸಲ ಬಂದ ಉತ್ತರ: ‘ದಾಖಲೆ ಅಸ್ಪಷ್ಟ, ಹೆಸರು ತಾಳೆಯಾಗುತ್ತಿಲ್ಲ.’ ಧಕಾರ ದಕಾರವಾಗಿತ್ತು. ಧನವನ್ನು ದನವೆಂದು ಓದಿದರೆ ನಗುತ್ತೇವೆ. ತಂದೆಯ ಹೆಸರೇ ಹಾಗಾದಾಗ ಒಬ್ಬ ಹುಡುಗನ ಅರ್ಜಿ ತಿಂಗಳುಗಟ್ಟಲೆ ನಿಲ್ಲುತ್ತದೆ.

ಆ ಕಚೇರಿ ಯಾವುದೆಂದು ಹೇಳಲಾರೆ, ಹೇಳುವ ಅಗತ್ಯವೂ ಇಲ್ಲ. ನಾನೂ ಕೇಂದ್ರ ಸರ್ಕಾರದ ನೌಕರ. ಇಂಥ ಭಾಷೆಯ ಸುತ್ತೋಲೆಗಳನ್ನು ನಾನೂ ಮುಂದಕ್ಕೆ ಕಳುಹಿಸಿದ್ದೇನೆ. ಆದರೆ ಹೈದರಾಬಾದಿನ ಕನ್ನಡಿಗರಿಗೆ ಇದು ಸಣ್ಣ ಕಿರಿಕಿರಿಯಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರುಗಳು ಈ ನಗರ ರಾಜಧಾನಿಯಾಗಿದ್ದ ರಾಜ್ಯದಲ್ಲೇ ಇದ್ದವು. ಗಡಿ ಸರಿಯಿತು. ನಾವು ಇಲ್ಲಿ ಉಳಿದೆವು, ನಮ್ಮ ಕಾಗದಗಳು ಅಲ್ಲಿ ಉಳಿದವು. ಸಂವಿಧಾನದ 371(ಜೆ) ವಿಧಿ ಬಂದ ಮೇಲಂತೂ ತಾವು ಯಾವ ಊರಿನವರೆಂದು ಕಾಗದದಲ್ಲೇ ತೋರಿಸಬೇಕಾದ ಕುಟುಂಬಗಳು ಎಷ್ಟೋ ಇವೆ.

ಈಗ ಲೆಕ್ಕ ನೋಡೋಣ. ಹನ್ನೆರಡು ಪಾಯಿಂಟಿನ ಒಂದು ಸಾಲಿನ ಎತ್ತರ ಇಂಚಿನ ಆರನೇ ಒಂದು ಭಾಗ. 100 ಡಿಪಿಐನಲ್ಲಿ ಅದಕ್ಕೆ ದಕ್ಕುವುದು ಹದಿನಾರು-ಹದಿನೇಳು ಚುಕ್ಕೆ. ಇಂಗ್ಲಿಷಿನ ಅಕ್ಷರ ಅಷ್ಟರಲ್ಲೇ ಹೇಗೋ ಬದುಕಿಕೊಳ್ಳುತ್ತದೆ. ಕನ್ನಡಕ್ಕೆ ಅದೇ ಜಾಗದಲ್ಲಿ ತಲೆಕಟ್ಟು, ಗುಣಿತ, ಒತ್ತು ಎಲ್ಲವೂ ಕೂರಬೇಕು. ಮಹಾಪ್ರಾಣದ ಸೀಳಿಗೆ ಹೆಚ್ಚೆಂದರೆ ಒಂದು ಚುಕ್ಕೆ. ಕಪ್ಪು-ಬಿಳುಪಿನಲ್ಲಿ ಆ ಚುಕ್ಕೆ ಕಪ್ಪೋ ಬಿಳಿಯೋ ಎಂಬುದು ಜೂಜಾಟ. 300 ಡಿಪಿಐನಲ್ಲಿ ಅದೇ ಸಾಲಿಗೆ ಐವತ್ತು ಚುಕ್ಕೆ ಸಿಗುತ್ತವೆ, ಸೀಳು ಸೀಳಾಗಿಯೇ ಉಳಿಯುತ್ತದೆ. ಹಳೆಯ ದಾಖಲೆಗಳಲ್ಲಿ ಕನ್ನಡ ಅಂಕಿಗಳಿದ್ದರೆ ೬ಕ್ಕೂ ೯ಕ್ಕೂ ಇರುವ ಅಂತರ ಒಂದು ಬಾಲದ ತಿರುವು ಮಾತ್ರ. ಹುಟ್ಟಿದ ವರ್ಷ ಅದರ ಮೇಲೆ ನಿಂತಿರುತ್ತದೆ. (ತೆಲುಗಿನ ಧಕಾರಕ್ಕೂ ಇದೇ ಗತಿ. ಅಂಗಡಿಯ ಹುಡುಗನಿಗೆ ಹೀಗೆ ವಿವರಿಸಿದಾಗ ತಕ್ಷಣ ಅರ್ಥವಾಯಿತು. ಕಚೇರಿಗೆ ಆಗಲಿಲ್ಲ.)

ಅತಿ ಕುಗ್ಗಿಸುವಿಕೆಯಿಂದ ಅಂಕಿಗಳೇ ಬದಲಾದದ್ದೂ ಉಂಟು. 2013ರ ಆಗಸ್ಟಿನಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ, ಜೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಕಟ್ಟಡದ ನಕ್ಷೆಯೊಂದರಲ್ಲಿ 21.11 ಚದರ ಮೀಟರಿನ ಕೋಣೆ 14.13 ಆಗಿರುವುದನ್ನು ಬಯಲಿಗೆಳೆದರು. ಒಂದೇ ರೀತಿ ಕಾಣುವ ಆಕಾರಗಳನ್ನು ಒಂದೇ ಎಂದು ಎಣಿಸಿ, ಒಂದರ ಜಾಗಕ್ಕೆ ಇನ್ನೊಂದನ್ನು ಅಂಟಿಸುವ ಕುಗ್ಗಿಸುವಿಕೆಯ ವಿಧಾನ ಅದಕ್ಕೆ ಕಾರಣ. ಕಂಪನಿ ಅದನ್ನು ಸರಿಪಡಿಸಿತು. ಹತ್ತೇ ಅಂಕಿಗಳಲ್ಲಿ ಹೀಗಾದರೆ, ಘ ಮತ್ತು ಫ, ದ ಮತ್ತು ಧ ಎಂಬ ಜೋಡಿಗಳಿಂದಲೇ ತುಂಬಿದ ಲಿಪಿಯ ಬಗ್ಗೆ ಎಷ್ಟು ಎಚ್ಚರ ಬೇಕು?

‘ಕೋಟ್ಯಂತರ ಕಡತಗಳು, ಸರ್ವರಿನಲ್ಲಿ ಜಾಗವೆಲ್ಲಿ?’ ಎಂಬ ಪ್ರಶ್ನೆ ಬರುತ್ತದೆ. ಒಪ್ಪುವ ಮಾತೇ. ಹಳ್ಳಿಯ ನೆಟ್‌ವರ್ಕಿನ ಮಾತೂ ನಿಜ. ಆದರೆ ಕುಗ್ಗಿಸುವ ಕೆಲಸವನ್ನು ಪರಿಶೀಲನೆ ಮುಗಿದ ಮೇಲೆ ಕಚೇರಿಯೇ ಮಾಡಿಕೊಳ್ಳಬಹುದಲ್ಲ? 300 ಡಿಪಿಐನ ಬೂದು ಬಣ್ಣದ ಒಂದು ಪುಟ ಮಧ್ಯಮ ಗುಣಮಟ್ಟದಲ್ಲಿ ಸುಮಾರು 700 ಕೆಬಿ ಆಗುತ್ತದೆಂದು ಹಿಡಿಯಿರಿ. ಹತ್ತು ಪುಟಕ್ಕೆ 7 ಎಂಬಿ. ಇಮೇಲಿನ ಲಗತ್ತು ಪ್ರಯಾಣದಲ್ಲಿ ಮೂರನೇ ಒಂದು ಪಾಲಿನಷ್ಟು ಉಬ್ಬುತ್ತದೆ. ಆದರೂ 10 ಎಂಬಿ ಮುಟ್ಟದು. ಜಿಮೇಲಿನ ಮಿತಿ 25 ಎಂಬಿ. ಹಾಗಾದರೆ 200 ಕೆಬಿ ಎಂಬುದು ಎಲ್ಲಿಂದ ಬಂತು? ಯಾವುದೋ ಕಾಲದ ಪಾಸ್‌ಪೋರ್ಟ್ ಗಾತ್ರದ ಫೋಟೋಗೆ ಹಾಕಿದ್ದ ಮಿತಿಯನ್ನು ಯಾರೋ ದಾಖಲೆಗೂ ನಕಲು ಮಾಡಿದರು, ಅದನ್ನು ಇನ್ನೊಬ್ಬರು ನಕಲು ಮಾಡಿದರು ಎಂಬುದು ಕಚೇರಿಗಳನ್ನು ಬಲ್ಲ ನನ್ನ ಊಹೆ.

ಈ ಮಿತಿಯ ಇನ್ನೊಂದು ಪಾಪ ಇದಕ್ಕಿಂತ ಘೋರ. ಗಾತ್ರ ಇಳಿಸಲು ಜನ ತಮ್ಮ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಹೆಸರು ತಿಳಿಯದ ಉಚಿತ ಜಾಲತಾಣಗಳಿಗೆ ಏರಿಸುತ್ತಾರೆ. ಗೋಪ್ಯತೆಯ ಬಗ್ಗೆ ತಿಂಗಳಿಗೊಂದು ಎಚ್ಚರಿಕೆ ಕಳುಹಿಸುವ ನಾವೇ ಅವರನ್ನು ಆ ಬಾಗಿಲಿಗೆ ದೂಡುತ್ತಿದ್ದೇವೆ.

ಬಯ್ಗುಳ ತಿನ್ನುವುದು ಮಾತ್ರ ಸ್ಕ್ಯಾನರು. ನಿಜ, ಅದಕ್ಕೂ ರೋಗಗಳಿವೆ. ಪುಟದ ಉದ್ದಕ್ಕೂ ಒಂದು ಗೆರೆ ಬಂದರೆ ಅದೇ ಕಾಗದವನ್ನು ಗಾಜಿನ ಮೇಲಿಟ್ಟು ತೆಗೆದು ನೋಡಿ. ಗೆರೆ ಹೋಯಿತೆಂದರೆ ಕಾಗದ ಎಳೆದುಕೊಳ್ಳುವ ಭಾಗದ ಕೆಳಗಿನ ಕಿರಿದಾದ ಗಾಜುಪಟ್ಟಿಯ ಮೇಲೆ ಧೂಳಿನ ಕಣವೋ ವೈಟ್ನರಿನ ಹನಿಯೋ ಕೂತಿದೆ. ಮೆತ್ತನೆಯ ಬಟ್ಟೆ ಸಾಕು, ಮೆಕ್ಯಾನಿಕ್ ಬೇಡ. ಎರಡು ಹಾಳೆ ಒಟ್ಟಿಗೆ ಹೋದರೆ ಉರುಳೆಯನ್ನು ಒರೆಸಿ, ಪಿನ್ನು ತೆಗೆದಿದ್ದೀರಾ ನೋಡಿ. ಯಂತ್ರದಿಂದ ನೇರ ಜಿಮೇಲಿಗೆ ಹೋಗುತ್ತಿದ್ದದ್ದು 2022ರ ಮೇ ಕೊನೆಯಿಂದ ನಿಂತಿದ್ದರೆ ಅದೂ ಯಂತ್ರದ ತಪ್ಪಲ್ಲ. ಬರೀ ಪಾಸ್‌ವರ್ಡ್ ನಂಬುವುದನ್ನು ಗೂಗಲ್ ಆಗ ಬಿಟ್ಟಿತು. ಎರಡು ಹಂತದ ಪರಿಶೀಲನೆ ಹಾಕಿಕೊಂಡು ಆ್ಯಪ್ ಪಾಸ್‌ವರ್ಡ್ ಪಡೆದು ಯಂತ್ರಕ್ಕೆ ಕೊಡಬೇಕು.

ಕನ್ನಡ ದಾಖಲೆಗೆ 300 ಡಿಪಿಐ, ಬೂದು ಬಣ್ಣ ಇರಲಿ. ಸಹಿಯ ಮೇಲೆ ನೇರಳೆ ಶಾಯಿಯ ಮೊಹರು ಬಿದ್ದಿದ್ದರೆ ಬಣ್ಣದಲ್ಲೇ ತೆಗೆಯಿರಿ. ಕಪ್ಪು-ಬಿಳುಪಿನಲ್ಲಿ ಎರಡೂ ಸೇರಿ ಮಸಿಯ ಉಂಡೆಯಾಗುತ್ತವೆ. ಕಪ್ಪು-ಬಿಳುಪು ಹೊಸದಾಗಿ ಮುದ್ರಿಸಿದ ಶುಭ್ರ ಹಾಳೆಗಷ್ಟೇ ಸಲ್ಲುತ್ತದೆ. ಕಂಪ್ಯೂಟರಿನಲ್ಲೇ ಟೈಪಿಸಿದ ಪತ್ರವನ್ನು ಮುದ್ರಿಸಿ, ಸಹಿ ಹಾಕಿ, ಮತ್ತೆ ಓರೆಯಾಗಿ ಸ್ಕ್ಯಾನ್ ಮಾಡುವ ನಮ್ಮ ಕಚೇರಿ ವ್ರತದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ವಿದ್ಯುನ್ಮಾನ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಮಾನ್ಯತೆ ಕೊಟ್ಟಿದೆ.

ಭಾವನವರ ಪತ್ರವನ್ನು ಮೂರನೆಯ ಸಲ ಬಣ್ಣದಲ್ಲಿ, 300ರಲ್ಲಿ ತೆಗೆದು, ಮಿತಿ ಮೀರಿರುವುದನ್ನೂ ಅದರ ಕಾರಣವನ್ನೂ ಮೊದಲ ಸಾಲಿನಲ್ಲೇ ಬರೆದು ಕಳುಹಿಸಿದ್ದೇನೆ. ಮೂಲ ಪ್ರತಿಯನ್ನು ಹಿಡಿದು ಬೀದರಿನ ಬಸ್ಸು ಹತ್ತಲು ಅಳಿಯ ರಜೆಯ ಲೆಕ್ಕ ಹಾಕುತ್ತಿದ್ದಾನೆ.