ಜನವರಿಯ ಒಂದು ಬಾಟಲಿ ನೀರು ಸಾಲದು

ಮಕ್ಕಳೇ, ವಿಜ್ಞಾನ ಪ್ರದರ್ಶನ ಬಂತೆಂದರೆ ಜನವರಿಯಲ್ಲಿ ಒಂದು ಬಾಟಲಿ ಕೆರೆ ನೀರು ತರ್ತೀರಿ, ಸೂಕ್ಷ್ಮದರ್ಶಕದಲ್ಲಿ ನೋಡಿ ‘ನೀರು ಚೊಲೋ ಐತಿ’ ಅಂತ ಚಾರ್ಟ್ ಬರೀತೀರಿ. ನನಗಿದು ಒಪ್ಪಿಗೆಯಿಲ್ಲ.

ಸೋಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಕೆರೆಗಳಲ್ಲಿ ಪ್ಲವಕಗಳ ಸಂಖ್ಯೆ ಋತುವಿನ ಜೊತೆ ಏರಿಳಿಯುತ್ತದೆ. ಮಳೆಗಾಲದ ರಾಡಿ ನೀರಿನಲ್ಲಿ ಬೆಳಕು ಇಳಿಯೋದಿಲ್ಲ, ಪ್ಲವಕ ಕಡಿಮೆ. ಚಳಿಗಾಲಕ್ಕೆ ನೀರು ತಿಳಿಯಾದಾಗ ಡಯಾಟಮ್‌ಗಳು ಹೆಚ್ಚುತ್ತವೆ, ಹಿಂದೆಯೇ ರೋಟಿಫರ್‌ನಂಥ ಪ್ರಾಣಿಪ್ಲವಕಗಳೂ. ಬೇಸಿಗೆಯದೇ ಬೇರೆ. ನೀರು ಇಳಿದು ಬಿಸಿಯಾಗಿ, ಚರಂಡಿಯ ಮತ್ತು ಹೊಲದ ಗೊಬ್ಬರದ ರಂಜಕ, ಸಾರಜನಕ ಅದರಲ್ಲೇ ಉಳಿದರೆ ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಜೀವಿ ವಿಪರೀತ ಬೆಳೆಯಬಹುದು. ಜೀವಕೋಶದೊಳಗೆ ಪುಟ್ಟ ಗಾಳಿಚೀಲಗಳಿರುವುದರಿಂದ ಅದು ಮೇಲೆ ತೇಲಿ, ಹಸಿರು ಬಣ್ಣ ಸುರಿದ ಹಾಗೆ ಕೆನೆಗಟ್ಟುತ್ತದೆ. ಅದರ ಕೆಲವು ತಳಿಗಳ ವಿಷ ಯಕೃತ್ತನ್ನು ಕೆಡಿಸುತ್ತದೆ, ಕುದಿಸಿದರೂ ಹೋಗೋದಿಲ್ಲ. ಆ ನೀರನ್ನೇ ದನಕರು ಕುಡೀತಾವಲ್ಲ! ಅವಕ್ಕೆ ನಿಮ್ಮ ಜನವರಿ ಚಾರ್ಟ್‌ನಿಂದ ಏನು ಉಪಯೋಗ?

ತಿಂಗಳಿಗೊಮ್ಮೆ, ಅದೇ ಜಾಗಕ್ಕೆ, ಅದೇ ಹೊತ್ತಿಗೆ, ದೊಡ್ಡವರ ಜೊತೆ ಹೋಗಿ ನೀರು ತನ್ನಿ. (ಹಸಿರು ಕೆನೆ ಕಂಡರೆ ಕೈ ಹಾಕಬೇಡ್ರಿ.) 100 ಪಟ್ಟು ದೊಡ್ಡದಾಗಿ ತೋರಿಸುವ ಶಾಲೆಯ ಸೂಕ್ಷ್ಮದರ್ಶಕವೇ ಸಾಕು, ಒಂದು ಹನಿಯಲ್ಲಿ ಕಂಡದ್ದನ್ನು ಎಣಿಸಿ, ತಾರೀಖು ಹಾಕಿ ಬರೆದಿಡಿ. ಮೇ ತಿಂಗಳು ಶಾಲೆಗೆ ರಜೆ ಅಂತೀರಾ? ಪ್ರಯೋಗಾಲಯದ ಕೀಲಿ ಕೇಳ್ರಿ. ಕೊಡಬೇಕಾದವರು ನಾವು, ಶಿಕ್ಷಕರು.